ನಾಲ್ಕು ಸೆಕೆಂಡಿನ ನಿಂಬೆಹಣ್ಣು

ತೀರ್ಥದ ಹನಿ ನೆಲಕ್ಕೆ ಬಿದ್ದರೆ ನಮ್ಮ ಮನೆಯಲ್ಲಿ ಆ ಹೊತ್ತಿನ ಊಟ ಮುಗಿಯುವವರೆಗೆ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಬೈಯುವವರೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದೇವರ ಕೋಲಿಯ ಹೊಸ್ತಿಲಿನ ಈಚೆ ನಾವೆಲ್ಲ ಸಾಲಾಗಿ ಕೂತು ಅಂಗೈ ಗುಳಿ ಮಾಡಿ ಚಾಚುವುದು, ಅಜ್ಜ ತಾಮ್ರದ ಉದ್ಧರಣೆಯಿಂದ ಮೂರು ಸಲ ತೀರ್ಥ ಹಾಕುವುದು, ನಾವು ಮೂರು ಸಲ ಸಪ್ಪಳವಿಲ್ಲದೆ ಕುಡಿದು ಒದ್ದೆ ಕೈಯನ್ನು ತಲೆಗೆ ಒರೆಸಿಕೊಳ್ಳುವುದು. ಶಿಗ್ಗಾಂವದ ಆ ಮನೆಯಲ್ಲಿ ದಿನ ಶುರುವಾಗುತ್ತಿದ್ದದ್ದೇ ಹಾಗೆ. ಮನೆಯ ಹಿಂದಿನ ಹೆದ್ದಾರಿಯಲ್ಲಿ ಲಾರಿಗಳು ಎಷ್ಟು ಹಾರ್ನ್ ಹೊಡೆದರೂ ದೇವರ ಕೋಲಿಯಲ್ಲಿ ಉದ್ಧರಣೆ ಪಂಚಪಾತ್ರೆಗೆ ತಾಗಿದ ಸದ್ದು ಕೇಳುತ್ತಿತ್ತು. ಹನಿ ಬಿದ್ದರೆ ತಪ್ಪು ಅಂಗೈ ಚಾಚಿದವರದು, ಅಂದರೆ ನನ್ನದು. ಮನೆಗೆ ಸಣ್ಣವಳು ನಾನೊಬ್ಬಳೇ ಇದ್ದೆ. ಆದರೆ ನಾನು ಆರನೇ ತರಗತಿಗೆ ಬಂದ ವರ್ಷ ಹನಿಗಳು ದಿನಾಲೂ ಬೀಳತೊಡಗಿದವು, ಅಪ್ಪನ ಮುಂದೆ, ಅವ್ವನ ಮುಂದೆ, ನನ್ನ ಮುಂದೆ. ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಅಜ್ಜನ ಬಲಗೈ ನಡುಗುತ್ತಿತ್ತು. ಅಜ್ಜಿ ನಾವು ಕೂರುವ ಜಾಗದಲ್ಲಿ ಹಳೆಯ ಮಡಿಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸತೊಡಗಿದಳು, ಹನಿ ನೆಲಕ್ಕೆ ಬೀಳದಿರಲೆಂದು.

ಇದು ಬರೀ ಮುಪ್ಪಿನ ಮಾತಾಗಿದ್ದರೆ ಮನೆ ಅಷ್ಟು ಬಿಗಿದುಕೊಳ್ಳುತ್ತಿರಲಿಲ್ಲ. ಅದರ ಹಿಂದೆ ಒಂದು ಕರಾರಿತ್ತು. ಅಜ್ಜನ ತಮ್ಮ ಸವಣೂರಿನಲ್ಲಿದ್ದರು, ನಾನು ಕಾಕಾಜ್ಜ ಅನ್ನುತ್ತಿದ್ದೆ. ಅಣ್ಣತಮ್ಮಂದಿರು ಬೇರೆಯಾದಾಗ ಮನೆ ಹಂಚಿಕೊಂಡರು, ಹೊಲ ಹಂಚಿಕೊಂಡರು. ಸಂಪುಟ ಮಾತ್ರ ಹಂಚಲು ಬರುವಂಥದ್ದಲ್ಲ. ಮನೆತನದ ಸಾಲಿಗ್ರಾಮಗಳನ್ನು ಇಡುವ, ಮುಚ್ಚಳ ಸವೆದ ಹಿತ್ತಾಳೆಯ ಭರಣಿ ಅದು. ಅಣ್ಣನ ಕೈ ನಡೆಯುವ ತನಕ ಅಣ್ಣನ ಮನೆಯಲ್ಲಿ ಇರತಕ್ಕದ್ದು, ಆಮೇಲೆ ಅಣ್ಣನ ಮಗ ಪೂಜೆ ಹಿಡಿದರೆ ಅಲ್ಲೇ, ಹಿಡಿಯದಿದ್ದರೆ ತಮ್ಮನ ಮನೆಗೆ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅಣ್ಣನ ಮಗ ಎಂದರೆ ನನ್ನ ಅಪ್ಪ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ತೀರ್ಥ ತೆಗೆದುಕೊಳ್ಳುತ್ತಿದ್ದರು, ಅಷ್ಟೇ. ಸಂಧ್ಯಾವಂದನೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಈ ಬಗ್ಗೆ ಅಪ್ಪ ಮತ್ತು ಅಜ್ಜ ಒಮ್ಮೆ ಊಟದ ಎಲೆಯ ಮುಂದೆ ಜಗಳಾಡಿ, ಇಬ್ಬರೂ ಅರ್ಧಕ್ಕೇ ಎದ್ದು ಹೋಗಿದ್ದರು. ಆವತ್ತಿನಿಂದ ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ. ಕಾಕಾಜ್ಜ ಪ್ರತಿವರ್ಷ ಕಾರ್ತಿಕದ ಉತ್ಥಾನ ದ್ವಾದಶಿಗೆ ಬಂದು, ಏಕಾದಶಿಯ ಉಪವಾಸವನ್ನು ಅಣ್ಣನ ಕೈಯ ತೀರ್ಥದಿಂದಲೇ ಮುರಿದು ಹೋಗುತ್ತಿದ್ದರು. ಆ ವರ್ಷವೂ ಬರುವವರಿದ್ದರು. ಅಜ್ಜನ ಪಾಲಿಗೆ ಸಂಪುಟ ಹೋಗುವುದೆಂದರೆ ಬೆಳಿಗ್ಗೆ ಏಳಲು ಕಾರಣವೇ ಹೋದಂತೆ. ಇದು ನನಗೆ ಆಗಲೂ ತಿಳಿದಿತ್ತು.

ಇಂಥ ಮನೆಗೆ ಮೌಶಿ ಬಂದಳು. ಮೌಶಿ ಅಂದರೆ ಅವ್ವನ ತಂಗಿ, ಪುಣೆಯಲ್ಲಿ ನೌಕರಿ, ಯಾರ ಹಂಗಿಗೂ ಬೀಳದ ಹೆಂಗಸು. ಬಸ್ಸಿನಿಂದ ಇಳಿದವಳೇ ಚೀಲದಿಂದ ಒಂದು ನೇರಳೆ ಬಣ್ಣದ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಯಾರೋ ಆಡಿ ಬಿಟ್ಟದ್ದು, ಸೆಕೆಂಡ್ ಹ್ಯಾಂಡು. ಬೆನ್ನಿಗೆ ಎರಡು ಸೆಲ್, ಮುಂದೆ ಅಂಗೈ ಅಗಲದ ಪರದೆ. ಪರದೆಗೆ ತನ್ನದೇ ಬೆಳಕಿರಲಿಲ್ಲ, ಕಿಟಕಿಯ ಹತ್ತಿರ ಕೂತೇ ಆಡಬೇಕು. ಅದರೊಳಗಿನ ಅಕ್ಷರಗಳೆಲ್ಲ ಜಪಾನಿ. ಒಂದೂ ಓದಲು ಬರುತ್ತಿರಲಿಲ್ಲ. ಓದುವ ಗರಜೂ ಇರಲಿಲ್ಲ. ಒಂದರ ಹಿಂದೊಂದು ಆಟ ಬರುತ್ತಿತ್ತು, ಒಂದೊಂದೂ ನಾಲ್ಕೇ ಸೆಕೆಂಡು. ಗುಂಡಿ ಒತ್ತುವ ಹಾಗಿಲ್ಲ. ಡಬ್ಬಿಯನ್ನೇ ವಾಲಿಸಬೇಕು, ತಿರುವಬೇಕು, ಕೊಡವಬೇಕು. ಮಲಗಿದ ಬೆಕ್ಕಿನ ಮೂಗಿನ ಮೇಲಿನ ನೊಣ ಓಡಿಸು. ದಪ್ಪ ಮೀಸೆಯ ಮನುಷ್ಯನ ಮೀಸೆ ಎರಡೂ ಕಡೆ ಸಮ ಮಾಡು. ಮಣ್ಣಿನಿಂದ ಮೂಲಂಗಿ ಕೀಳು. ಮಳೆ ಬಂತು, ಹೆಂಗಸಿನ ತಲೆಯ ಮೇಲೆ ಕೊಡೆ ಹಿಡಿ. ಇಂಥದನ್ನೇ ಮಾಡೆಂದು ಯಾರೂ ಹೇಳುವುದಿಲ್ಲ. ಚಿತ್ರ ಕಣ್ಣಿಗೆ ಬಿದ್ದೊಡನೆ ಕೈಗೆ ತಾನಾಗಿಯೇ ಹೊಳೆಯಬೇಕು. ಗೆದ್ದರೆ ಚಿತ್ರದ ಮನುಷ್ಯ ಕುಣಿಯುತ್ತಾನೆ. ಸೋತರೆ ಡಬ್ಬಿ ಕೈಯೊಳಗೆ ಗುರ್ ಎಂದು ಅದುರುತ್ತದೆ. ನಗು ಬರುವಷ್ಟರಲ್ಲಿ ಮುಂದಿನ ಆಟ ಬಂದುಬಿಟ್ಟಿರುತ್ತದೆ. ತೀರ್ಥದ ಒಂದು ಹನಿಗೆ ಇಡೀ ಹೊತ್ತು ಬಾಯಿ ಮುಚ್ಚುವ ಮನೆಯಲ್ಲಿ ಬೆಳೆದ ನನಗೆ, ಸೋತ ಮರುಗಳಿಗೆಯೇ ಎಲ್ಲ ಮರೆತು ಮತ್ತೆ ಶುರು ಮಾಡುವ ಆ ಡಬ್ಬಿ ಎಂಥ ಹುಚ್ಚು ಹಿಡಿಸಿತೆಂದರೆ, ಶಾಲೆಯಲ್ಲಿ ಕೂತರೂ ಕೈ ತಿರುಗುತ್ತಿತ್ತು. ಸೆಲ್ ವಾರಕ್ಕೆ ಎರಡು ಜೊತೆ ಬೇಕಾಗುತ್ತಿತ್ತು. ಎದುರು ಮನೆಯ ಕಾಳಿನ ವ್ಯಾಪಾರಿಯ ಹೆಂಡತಿ ಶಿವಕ್ಕ ಮನೆಯ ಮುಂದೆಯೇ ಸಣ್ಣ ಕಿರಾಣಿ ಇಟ್ಟಿದ್ದಳು.

"ಅಲ್ಲವ್ವಾ, ಮೊನ್ನೆರ ಒಯ್ದಿ, ಮತ್ತ ಬಂದಿ? ಸೆಲ್ ತಿನ್ನಾಕತ್ತೀಯೇನ? ಅದಕ್ಕೇನ ಬಾಯಿ ಐತೇನ?" ಅನ್ನುತ್ತಿದ್ದಳು.

ಮಧ್ಯಾಹ್ನ ಅಜ್ಜಿ ಮಲಗಿದಾಗ ಪಡಸಾಲಿಯ ಕಿಟಕಿಯ ಕಟ್ಟೆ ನನ್ನದು. ಹಾಗೆ ಒಂದು ಮಧ್ಯಾಹ್ನ ನನಗೆ ಕಂಬಳಿ ಕೊಡವುವ ಆಟ ಬಂತು. ಕಂಬಳಿಯ ಧೂಳೆಲ್ಲ ಉದುರಬೇಕು, ನಾಲ್ಕು ಸೆಕೆಂಡಿನಲ್ಲಿ. ಬಲಗೈಯನ್ನು ಎಷ್ಟು ಜೋರಾಗಿ ಅಲುಗಿಸಿದರೂ ನನಗದು ದಕ್ಕುತ್ತಿರಲಿಲ್ಲ. ನಾನು ಹಲ್ಲು ಕಚ್ಚಿ ಮತ್ತೆ ಮತ್ತೆ ಅಲುಗಿಸುತ್ತಿದ್ದೆ. ಅಜ್ಜ ಎದುರಿಗೇ ತಮ್ಮ ಮಣೆಯ ಮೇಲೆ ಪೋಥಿ ಬಿಚ್ಚಿಕೊಂಡು ಕೂತಿದ್ದರು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುವುದು ನಿಂತಿದ್ದರೂ, ಬಾಯಿಪಾಠ ಬರುತ್ತಿದ್ದುದರಿಂದ ಹಾಳೆ ತಿರುವುತ್ತಾ ಕೂರುತ್ತಿದ್ದರು. ನಾನು ಅಲುಗಿಸುವುದು ಮಾತ್ರ ಅವರಿಗೆ ಕಂಡಿತು.

"ಪದ್ದಿ. ಏನದು ಕೈ?"

ನಾನು ತಲೆ ಎತ್ತಲಿಲ್ಲ.

"ನನ್ನ ಅಣಕಸ್ತೀಯೇನು?"

ಆ ದನಿಯನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಓಡಿಹೋಗುತ್ತಿದ್ದೆ. ಅಜ್ಜ ತಮ್ಮ ಬಲಗೈಯನ್ನು ಧೋತರದ ಮಡಿಕೆಯೊಳಗೆ ಸೇರಿಸಿಕೊಂಡು ನನ್ನತ್ತ ನೋಡುತ್ತಿದ್ದರು.  ಎದ್ದವಳೇ ಹೋಗಿ ಡಬ್ಬಿಯನ್ನು ಅವರ ಕೈಗೇ ತುರುಕಿದೆ.

"ಆಟ ಅಜ್ಜಾ. ಅಣಕಸ್ಲಿಕತ್ತಿಲ್ಲ, ಆಣಿ ಮಾಡ್ತೇನಿ. ಕಂಬಳಿ ಝಾಡಸೂದು. ನೀವ ನೋಡ್ರಿ, ಹಿಂಗ ಹಿಡೀರಿ."

ಅವರು ಹಿಡಿದರು. ಹಿಡಿದದ್ದೇ ತಡ, ಕಂಬಳಿಯ ಧೂಳು ಎರಡೇ ಸೆಕೆಂಡಿನಲ್ಲಿ ಖಾಲಿ. ಚಿತ್ರದ ಮುದುಕಿ ಕುಣಿದಳು. ಮುಂದೆ ಹಲ್ಲುಜ್ಜುವ ಆಟ ಬಂತು, ಅದೂ ಗೆದ್ದರು. ಮರ ಅಲುಗಿಸಿ ಹಣ್ಣು ಉದುರಿಸುವುದು ಬಂತು. ಒಂದೂ ಹಣ್ಣು ಮರದಲ್ಲಿ ಉಳಿಯಲಿಲ್ಲ. ನಾನು "ಗೆದ್ರಿ! ಮತ್ತ ಗೆದ್ರಿ!" ಎಂದು ಕುಣಿಯುತ್ತಿದ್ದೆ. ಅಜ್ಜ ತಮ್ಮ ಕೈಯನ್ನೇ ಬೇರೆಯವರ ಕೈಯೆಂಬಂತೆ ನೋಡಿದರು. ಆಮೇಲೆ ನಕ್ಕರು. ಆ ವರ್ಷ ಅವರು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

"ಇದಕ್ಕ ಭಾಷ್ಯನ ಇಲ್ಲಲ್ಲ! ಹೇಳೂದಿಲ್ಲ, ಕೇಳೂದಿಲ್ಲ, ಮಾಡು ಅಂತದ," ಅಂದರು. ಜೀವನವಿಡೀ ಒಂದೊಂದು ಸಾಲಿಗೆ ನಾಲ್ಕು ನಾಲ್ಕು ವ್ಯಾಖ್ಯಾನ ಓದಿದ ಮನುಷ್ಯ, ಮಾತೇ ಇಲ್ಲದ ಆ ಡಬ್ಬಿಯನ್ನು ಮೆಚ್ಚಿಕೊಂಡ ಪರಿ ನೋಡಬೇಕಿತ್ತು.

ಅವತ್ತಿನಿಂದ ಮಧ್ಯಾಹ್ನದ ಒಂದು ತಾಸು ನಮ್ಮಿಬ್ಬರದು. ಅಷ್ಟರಲ್ಲಿ ನನ್ನ ಪರೀಕ್ಷೆಯ ಮಾರ್ಕು ಬಂದವು, ಅಪ್ಪ ಡಬ್ಬಿ ಕಿತ್ತುಕೊಂಡು ಕಪಾಟಿಗೆ ಹಾಕಿದರು. ನಾನು ಅತ್ತರೂ ಕೊಡಲಿಲ್ಲ. ಆಗ ಅಜ್ಜ, ತಿಂಗಳುಗಟ್ಟಲೆ ಅಪ್ಪನ ಜೊತೆ ನೆಟ್ಟಗೆ ಮಾತಾಡದವರು, ಪಡಸಾಲಿಯಿಂದಲೇ ಕೂಗಿದರು.

"ಅದು ನನಗ ಬೇಕು. ಕೈಗೆ ಸಾಧನಾ ಆಗ್ತದ."

ಅಪ್ಪ ಬಾಗಿಲಿಗೆ ಬಂದರು. "ಅಪ್ಪಾ, ಅದು ನರದ ತೊಂದ್ರಿ. ಆಟದಿಂದ ಹೋಗೂದಲ್ಲ. ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಸೂಣು ಅಂತ ಎಷ್ಟ್ ಸಲ ಹೇಳೇನಿ," ಅಂದರು. ಅಜ್ಜ ಎಡಗೈ ಚಾಚಿದರು. ಅಪ್ಪ ಡಬ್ಬಿಯನ್ನು ಆ ಕೈಗಿಟ್ಟು ಹೋದರು. ಅಂದಿನಿಂದ ಅದರ ಜಾಗ ಅಜ್ಜನ ಪೋಥಿಯ ಪೆಟ್ಟಿಗೆ, ಕೆಂಪು ಪಾವಡದಲ್ಲಿ ಸುತ್ತಿ, ಗ್ರಂಥಗಳ ಮಗ್ಗುಲಿಗೆ. ಅಲ್ಲಿ ಯಾರೂ ಕೈ ಹಾಕುವಂತಿರಲಿಲ್ಲ. ಈ ಜಾಣತನ ನಮಗೆ ನವರಾತ್ರಿಯಲ್ಲಿ ತಿರುಗಿ ಬಡಿಯಿತು. ಸರಸ್ವತಿಯನ್ನು ಕೂಡಿಸುವ ದಿನ ಅಜ್ಜಿ ಪೆಟ್ಟಿಗೆಯಲ್ಲಿದ್ದ ಕೆಂಪು ಗಂಟುಗಳನ್ನೆಲ್ಲ ಎತ್ತಿ ಮಣೆಯ ಮೇಲೆ ಪೇರಿಸಿ, ಅರಿಷಿಣ ಕುಂಕುಮ ಏರಿಸಿ, ನಮಸ್ಕಾರ ಹಾಕಿದಳು. ಡಬ್ಬಿಯೂ ಅದರಲ್ಲಿತ್ತು. ಕೂಡಿಸಿದ ಮೇಲೆ ವಿಜಯದಶಮಿಯ ತನಕ ಒಂದನ್ನೂ ಕದಲಿಸುವಂತಿಲ್ಲ. ನಾನು ಅಜ್ಜನ ಮುಖ ನೋಡಿದೆ, ಅಜ್ಜ ನನ್ನ ಮುಖ ನೋಡಿದರು. ಇಬ್ಬರೂ ಕೈ ಮುಗಿದು ನಿಂತೆವು. ಆ ಡಬ್ಬಿ ಈಗಲೂ ನನ್ನ ಹತ್ತಿರ ಇದೆ, ಅದರ ಗುಂಡಿಯ ಸಂದಿಯಲ್ಲಿ ಆ ಕುಂಕುಮ ಹಾಗೇ ಕೂತಿದೆ.

ದಶಮಿಯ ಮರುದಿನ ಆ ಆಟ ಬಂತು. ಒಂದು ಕೈ, ಕೈಯಲ್ಲಿ ಚಮಚ, ಚಮಚದ ಮೇಲೆ ಒಂದು ಕೋಳಿಮೊಟ್ಟೆ. ಇಲ್ಲಿ ಅಲುಗಿಸುವುದಲ್ಲ, ನಾಲ್ಕು ಸೆಕೆಂಡು ಅಲುಗದೆ ಹಿಡಿಯುವುದು. ಅಲುಗಿದರೆ ಬಿದ್ದು ಒಡೆದು ಹಳದಿ ಚೆಲ್ಲುತ್ತಿತ್ತು. ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನು ಕೂಡ ಯಾರೂ ಬಾಯಿಂದ ಆಡುತ್ತಿರಲಿಲ್ಲ. ಅಂಗಡಿಯ ಮುಂದೆ ಅದರ ಟ್ರೇ ಕಂಡರೆ ಅಜ್ಜಿ ರಸ್ತೆ ದಾಟಿ ಆ ಬದಿಯಿಂದ ಹೋಗುತ್ತಿದ್ದಳು.

"ಏನದು, ಬೆಳ್ಳಗ ಗುಂಡಗ ಕಾಣಸ್ತದ?" ಅಜ್ಜ ಕಣ್ಣು ಕಿರಿದು ಮಾಡಿ ಕೇಳಿದರು.

"ನಿಂಬಿಹಣ್ಣು ಅಜ್ಜಾ. ನಮ್ಮ ಸಾಲ್ಯಾಗ ಚಮಚಾದಾಗ ಇಟಗೊಂಡು ಓಡ್ತಾರಲ್ಲ, ಅದು."

ಇದು ಮೊದಲ ಸುಳ್ಳು. ಸಣ್ಣದು. ಅಜ್ಜ ಹೂಂ ಅಂದು, ಬೆನ್ನು ನೆಟ್ಟಗೆ ಮಾಡಿ, ಪೂಜೆಗೆ ಕೂತಂತೆ ಕೂತು, ಡಬ್ಬಿ ಹಿಡಿದರು. ಇದೇ ತಮ್ಮ ಆಟವೆಂದು ಅವರಿಗೆ ಆ ಕ್ಷಣವೇ ತಿಳಿದಿರಬೇಕು. ಚಮಚದ ಬದಲು ಅವರ ಮನಸ್ಸಿನಲ್ಲಿ ಉದ್ಧರಣೆ ಇತ್ತು. ಒಮ್ಮೆ ಬಂದ ಆಟವನ್ನು ಹೆಕ್ಕಿ ಮತ್ತೆ ಮತ್ತೆ ಆಡಬಹುದಿತ್ತು. ಮೊದಲ ದಿನ ಹತ್ತು ಸಲ ಆಡಿದರು, ಹತ್ತು ಸಲವೂ ಬಿತ್ತು. ನಾನು ಪರದೆ ನೋಡಿ ಹೇಳಬೇಕು, ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. "ಬಿತ್ತು. ಬಿತ್ತು ಅಜ್ಜಾ. ಅಯ್ಯ, ಒಡೀತು," ಎಂದು ಉಸುರಿದೆ. "ಏನು ಒಡೀತು?" ಅಂದರು. "ಏನಿಲ್ಲ," ಅಂದೆ. ನಾಲ್ಕು ದಿನ ಹೀಗೇ ಆಯಿತು. ಐದನೆಯ ದಿನ ಅವರು ಡಬ್ಬಿಯನ್ನು ನೆಲದ ಮೇಲಿಟ್ಟು, ಕೈಯನ್ನು ಧೋತರದೊಳಗೆ ಸೇರಿಸಿಕೊಂಡರು.

"ಸಾಕು. ಇದನ್ನ ನಿಮ್ಮಪ್ಪಗ ಕೊಟ್ಟುಬಿಡು."

ಅಪ್ಪನಿಗೆ ಕೊಟ್ಟರೆ ಡಬ್ಬಿ ಕಪಾಟಿಗೆ ಹೋಗುತ್ತದೆ. ಅಜ್ಜನ ಕೈಗೆ ಸಾಧನೆ ಎಂಬ ಹೆಸರಿನಿಂದಲೇ ಅದು ಹೊರಗಿತ್ತು. ಇದನ್ನು ಮುಚ್ಚಿಡುವುದೇಕೆ, ಆ ಗಳಿಗೆಯಲ್ಲಿ ನಾನು ಅಜ್ಜನ ಬಗ್ಗೆ ಯೋಚಿಸಲಿಲ್ಲ. ಡಬ್ಬಿಯ ಬಗ್ಗೆ ಯೋಚಿಸಿದೆ. "ಒಂದ ಸಲ ಅಜ್ಜಾ, ಕಡೀದು," ಎಂದು ಮತ್ತೆ ಹಿಡಿಸಿದೆ. ಮೊಟ್ಟೆ ಎರಡು ಸೆಕೆಂಡಿಗೇ ಬಿದ್ದು ಹಳದಿ ಚೆಲ್ಲಿತು. ನಾನು ಚಪ್ಪಾಳೆ ತಟ್ಟಿದೆ.

"ನಿಂತತು! ಅಜ್ಜಾ, ನಿಂತತು!"

ಅಜ್ಜ ನನ್ನತ್ತ ತಿರುಗಿದರು. ಡಬ್ಬಿ ಸೋತಾಗ ಕೈಯಲ್ಲಿ ಗುರ್ ಅನ್ನುತ್ತದೆಂದು ಹೇಳಿದೆನಲ್ಲ, ಅದು ನನಗೆ ನೆನಪಿರಲಿಲ್ಲವೆಂದಲ್ಲ. ಹಗಲೆಲ್ಲ ನಡುಗುವ ಕೈಗೆ ಅಷ್ಟು ಸಣ್ಣ ನಡುಕ ಎಲ್ಲಿ ಗೊತ್ತಾದೀತು ಅಂದುಕೊಂಡಿದ್ದೆ. "ಹೌದೇನು?" ಅಂದರು ಅಜ್ಜ. "ಹಂಗಾದ್ರ ನಾಳೆ ನೋಡೂಣು." ಮರುದಿನದಿಂದ ನಾನು ಸುಳ್ಳನ್ನು ಹದವಾಗಿ ಹೇಳತೊಡಗಿದೆ. ಎಲ್ಲವೂ ನಿಂತಿತೆಂದರೆ ನಂಬುವುದಿಲ್ಲ, ಅದಕ್ಕೆ ಹತ್ತರಲ್ಲಿ ಎರಡು, ಆಮೇಲೆ ಮೂರು, ವಾರ ಕಳೆದ ಮೇಲೆ ಐದು. ನಿಜವಾಗಿ ನಿಂತದ್ದು ಆ ತಿಂಗಳಲ್ಲಿ ಒಮ್ಮೆಯೂ ಇಲ್ಲ. ಇಂದು ಹಿರೇಕೆರೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅರ್ಧ ಮಾರ್ಕು ಕೂಡ ಹೆಚ್ಚಿಗೆ ಹಾಕುವುದಿಲ್ಲವೆಂದು ಪಾಲಕರು ನನ್ನನ್ನು ಬೈದುಕೊಂಡೇ ಗೇಟು ದಾಟುತ್ತಾರೆ, ಕಲ್ಲುಮನಸ್ಸಿನವಳು ಅನ್ನುತ್ತಾರೆ. ಅನ್ನಲಿ. ಹೆಚ್ಚಿಗೆ ಹಾಕಿದ ಮಾರ್ಕು ಏನು ಮಾಡುತ್ತದೆಂದು ನನಗೆ ಹನ್ನೊಂದನೇ ವಯಸ್ಸಿಗೇ ಗೊತ್ತಾಗಿದೆ.

ದ್ವಾದಶಿಗೆ ನಾಲ್ಕು ದಿನ ಇದೆ ಅನ್ನುವಾಗ ರಾತ್ರಿಯ ಊಟಕ್ಕೆ ಅಜ್ಜ, ಅಪ್ಪ, ನಾನು ಕೂತಿದ್ದೆವು. ಅಜ್ಜಿ ಸಾರು ಬಡಿಸುತ್ತಾ, ನೆಲ ನೋಡುತ್ತಲೇ ಮಾತು ತೆಗೆದಳು.

"ದ್ವಾದಶಿಗೆ ಭಟ್ಟರನ್ನ ಕರಸಿದ್ರ ಹೆಂಗ? ನಿಮಗ ಜ್ವರಾ ಬಂದಾವ ಅಂದ್ರಾತು. ಅವರ ಪೂಜಾ ಮಾಡಿ ತೀರ್ಥಾ ಕೊಡ್ತಾರ. ಸವಣೂರವ್ರು ಉಂಡು ತಮ್ಮ ಪಾಡಿಗೆ ತಾವು ಹೋಗ್ತಾರ."

"ಬ್ಯಾಡ," ಅಂದರು ಅಜ್ಜ. "ನಾನ ಮಾಡ್ತೇನಿ."

 ಅಪ್ಪ ಊಟ ನಿಲ್ಲಿಸಿದರು. ದೇವರನ್ನು ನಂಬದ ನನ್ನ ಅಪ್ಪ ನನ್ನನ್ನು ಮಾತ್ರ ನಂಬುತ್ತಿದ್ದರು, ಅದು ನನ್ನ ದುರ್ದೈವ.

"ಪದ್ದಿ, ದಿನಾ ಅವ್ರ ಹಂತೇಲೆ ಕೂಡ್ತೀಯಲ್ಲ. ಬೆಳಿಗ್ಗೆ ಇನ್ನೂ ಚೆಲ್ಲತದ. ಸಾಧನಾ ಮಾಡೂ ಮುಂದರ ಕೈ ನಿಂದರ್ತದೇನು? ಖರೇ ಹೇಳು. ನೀ ಏನ್ ಹೇಳ್ತೀ ಅದರ ಮ್ಯಾಲೆ ಭಟ್ಟರಿಗೆ ಹೇಳೂದು ಬಿಡೂದು ನೋಡ್ತೇನಿ."

ನಾನು ಅಜ್ಜನ ಕಡೆ ನೋಡಿದೆ. ಅವರು ಎಲೆಯಿಂದ ತಲೆ ಎತ್ತಲಿಲ್ಲ. ಈಗ ನಿಜ ಹೇಳಿದರೆ ತಿಂಗಳ ಸುಳ್ಳೆಲ್ಲ ಹೊರಬೀಳುತ್ತದೆ. ಡಬ್ಬಿ ಹೋಗುತ್ತದೆ. ಅಜ್ಜನ ಮುಖ ಇನ್ನೆಂದೂ ನೋಡಲಾಗುವುದಿಲ್ಲ. ಬಾಯಿ ತಾನಾಗಿಯೇ ಲೆಕ್ಕ ಕೊಟ್ಟಿತು.

"ಹತ್ತರಾಗ ಏಳು ಸಲ ನಿಂದರ್ತದ."

ಅಜ್ಜನ ಕೈ ಎಲೆಯ ಮೇಲೆ ಅರೆಗಳಿಗೆ ನಿಂತಿತು. ಹೆಮ್ಮೆಯಿಂದ ಎಂದುಕೊಂಡೆ. ಅಪ್ಪ "ಏಳು ಸಲಾ?" ಎಂದು ಹುಬ್ಬೇರಿಸಿ, ಆಮೇಲೆ ತಲೆಯಾಡಿಸಿ, ಉಣ್ಣತೊಡಗಿದರು. ಭಟ್ಟರಿಗೆ ಹೇಳಿಕಳಿಸಲಿಲ್ಲ. ಉಳಿದ ನಾಲ್ಕು ದಿನ ನಾನು ಎಲೆಯಲ್ಲಿ ಅರ್ಧ ಬಿಟ್ಟೇ ಏಳುತ್ತಿದ್ದೆ. ಅವ್ವ ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಮಧ್ಯಾಹ್ನಗಳಲ್ಲಿ ಅಜ್ಜ ಎಂದಿನಂತೆ ಡಬ್ಬಿ ಹಿಡಿದು ಕೂರುತ್ತಿದ್ದರು, ನಾನು ಎಂದಿನಂತೆ ಹೇಳುತ್ತಿದ್ದೆ, ನಿಂತತು, ನಿಂತತು. ಒಮ್ಮೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರೇ "ಮುಂದಿಂದು ಹಚ್ಚು" ಅಂದರು. ಹಚ್ಚಿದೆ.

ಏಕಾದಶಿಯ ಸಂಜೆ ಕಾಕಾಜ್ಜ ಸವಣೂರಿನಿಂದ ಬಾಡಿಗೆ ಕಾರಿನಲ್ಲಿ ಬಂದರು. ಪ್ರತಿವರ್ಷ ಬಸ್ಸಿಗೆ ಬರುತ್ತಿದ್ದವರು. ಅಜ್ಜಿ ಅದನ್ನು ನೋಡಿದಳು; ಸಂಪುಟವನ್ನು ಬಸ್ಸಿನಲ್ಲಿ ಒಯ್ಯುವ ಹಾಗಿಲ್ಲ. ಮರುದಿನ ಬೆಳಗಾಗುವ ಹೊತ್ತಿಗೆ ಮನೆಯಲ್ಲಿ ಅಗಸಿ ಸೊಪ್ಪಿನ ಪಲ್ಯದ ವಾಸನೆ. ವ್ರತಕ್ಕೆಂದು ತಿಂಗಳಿನಿಂದ ಮುಟ್ಟದ ಬೇಳೆ ಮತ್ತೆ ಒಲೆಯೇರುವ ದಿನ ಅದು. ಹಿಂದಿನ ದಿನವಿಡೀ ನೀರೂ ಕುಡಿಯದ ಹಿರಿಯರ ತುಟಿ ಒಣಗಿತ್ತು. ನಾವು ಸಾಲಾಗಿ ಕೂತಿದ್ದೆವು, ಮೊದಲಿಗೆ ಕಾಕಾಜ್ಜ, ಆಮೇಲೆ ಅಪ್ಪ, ಅಜ್ಜಿ, ಅವ್ವ, ಕೊನೆಗೆ ನಾನು. ಅಜ್ಜಿ ಹಾಸಿದ್ದ ಪಂಚೆಯ ಮಡಿಕೆಯನ್ನು ಅಜ್ಜ ತಾವೇ ತೆಗೆಸಿಬಿಟ್ಟರು. ಪೂಜೆ ಹೇಗೋ ಆಯಿತು, ಮಂತ್ರದಲ್ಲಿ ಒಂದಕ್ಷರ ತಪ್ಪಲಿಲ್ಲ. ಆಮೇಲೆ ಅವರು ಎಡಗೈಯಲ್ಲಿ ಪಾತ್ರೆ ಹಿಡಿದು ಹೊಸ್ತಿಲಿಗೆ ಬಂದು, ಬಲಗೈಯಲ್ಲಿ ಉದ್ಧರಣೆ ತುಂಬಿಸಿದರು.

ಮೊದಲನೆಯ ಉದ್ಧರಣೆ ಕಾಕಾಜ್ಜನ ಮಣಿಕಟ್ಟಿಗೆ ಬಿದ್ದು ನೆಲಕ್ಕೆ ಹರಿಯಿತು. ಎರಡನೆಯದು ಅಂಗೈ ಮುಟ್ಟುವ ಮೊದಲೇ ಖಾಲಿಯಾಯಿತು.  ಅಜ್ಜ ಎಡಗೈಯ ಪಾತ್ರೆಯನ್ನು ಕೆಳಗಿಟ್ಟು ಬಲಗೈಯ ಮಣಿಕಟ್ಟು ಒತ್ತಿ ಹಿಡಿದಿದ್ದರೆ ಮೂರನೆಯದಾದರೂ ಉಳಿಯುತ್ತಿತ್ತು. ಹಿಡಿಯಲಿಲ್ಲ. ಮೂರನೆಯ ಸಲ ಉದ್ಧರಣೆ ಅತ್ತಿತ್ತ ಓಲಾಡುತ್ತಾ ಬಂತು. ಕಾಕಾಜ್ಜ ತಮ್ಮ ಅಂಗೈಯನ್ನು ಅದರ ಕೆಳಗೇ ಒಯ್ದರು, ಅದು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ, ಕೊಡೆಯ ಆಟದಲ್ಲಿ ಹೆಂಗಸಿನ ತಲೆಯ ಮೇಲೆ ಕೊಡೆ ಓಡಾಡುವಂತೆ. ಅಂತೂ ನಾಲ್ಕು ಹನಿ ಬಿದ್ದವು. ಕುಡಿದರು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು. ಆ ಕೈಯನ್ನು ಹಾಗೇ ಕಣ್ಣಿನ ಮೇಲೂ ಒರೆಸಿಕೊಂಡರು. ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಆ ನೋಟಕ್ಕಿಂತ ಎರಡು ಏಟು ಹಾಕಿದ್ದರೆ ವಾಸಿಯಿತ್ತು.

ಪಾರಣೆಯ ಊಟವಾದ ಮೇಲೆ ಕಾಕಾಜ್ಜ ಪಡಸಾಲಿಯಲ್ಲಿ ಅಜ್ಜನ ಎದುರಿಗೆ ಕೂತರು. ಮಾತು ಮಾತ್ರ ಅಪ್ಪನ ಜೊತೆ ಆಡಿದರು.

"ನೀ ಪೂಜಾ ಹಿಡೀತೀಯೇನು? ಹಿಡೀತೇನಿ ಅಂತ ಒಂದ ಮಾತು ಅನ್ನು. ನಾ ಸಂಪುಟ ಮುಟ್ಟೂದಿಲ್ಲ, ಇಲ್ಲಿಂದನ ಎದ್ದು ಹೋಗ್ತೇನಿ."

ಅಜ್ಜ ಮಗನನ್ನು ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಅಪ್ಪನನ್ನು ಏನಾದರೂ ಬೇಡಿದ್ದರೆ ಅದು ಆ ಒಂದು ನೋಟದಲ್ಲಿ. ಅಪ್ಪ ಕಾಕಾಜ್ಜನ ಕಡೆ ತಿರುಗಿದರು.

"ನಂಬಿಕಿ ಇಲ್ಲದ ಹೂಂ ಅಂದ್ರ ಸುಳ್ಳಾಗ್ತದ, ಕಾಕಾ. ದೇವರ ಮುಂದ ದಿನಾ ಬೆಳಗಾದ್ರ ಸುಳ್ಳು ಹೇಳಿದಂಗ. ನನ್ನ ಕಡಿಂದ ಅದು ಆಗೂದಿಲ್ಲ."

ನಾನು ಕಂಬದ ಮರೆಯಲ್ಲಿದ್ದೆ. ಸುಳ್ಳು ಎಂಬ ಶಬ್ದ ಬಂದಾಗ ಇನ್ನಷ್ಟು ಹಿಂದಕ್ಕೆ ಸರಿದೆ. ಅಜ್ಜ ಮೆಲ್ಲಗೆ "ತೊಗೊಂಡು ಹೋಗು ತಮ್ಮಾ" ಅಂದರು. ಕಾಕಾಜ್ಜ ಕಾರನ್ನು ಬಾವಿಯ ನೀರಿನಿಂದ ತೊಳೆಸಿದರು, ಮತ್ತೆ ಸ್ನಾನ ಮಾಡಿ ಒದ್ದೆ ಧೋತರದಲ್ಲೇ ಸಂಪುಟವನ್ನು ಎದೆಗೆ ಅವಚಿಕೊಂಡು ಹಿಂದಿನ ಸೀಟಿನಲ್ಲಿ ಮಣೆ ಹಾಕಿಸಿ ಕೂತರು. ಅಣ್ಣನ ಕಾಲಿಗೆ ಬೀಳಲು ಅವರಿಗೆ ಕೈ ಖಾಲಿ ಇರಲಿಲ್ಲ, ತಲೆ ಬಾಗಿಸಿದರು. ಕಾರು ಹೆದ್ದಾರಿಯ ತಿರುವಿನಲ್ಲಿ ಮರೆಯಾಗುವ ತನಕ ಅಜ್ಜ ಕಟ್ಟೆಯ ಮೇಲೆ ನಿಂತಿದ್ದರು. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಎದ್ದು, ಸ್ನಾನ ಮಾಡಿ, ದೇವರ ಕೋಲಿಯ ಬಾಗಿಲಿಗೆ ಹೋಗಿ, ಅಲ್ಲೇ ನಿಂತು ತಿರುಗಿ ಬಂದರು. ಅಜ್ಜಿ ಅಡಿಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಡಬ್ಬಿಯ ಸೆಲ್ ಕಿತ್ತು ಹಿತ್ತಲಿಗೆ ಎಸೆದೆ. ಮಧ್ಯಾಹ್ನ ಪಡಸಾಲಿಯ ಕಡೆ ಕಾಲಿಡಲಿಲ್ಲ, ಆ ದಿನವೂ ಇಲ್ಲ, ಅದರ ಮುಂದಿನ ಎಂಟು ದಿನವೂ ಇಲ್ಲ. ಮನೆತನದ ದೇವರನ್ನು ಮನೆಯಿಂದ ಹೊರಗೆ ಹಾಕಿದವಳು ನಾನು ಎಂದು ಹೊದಿಕೆಯೊಳಗೆ ಹೇಳಿಕೊಳ್ಳುತ್ತಿದ್ದೆ.

ಒಂಬತ್ತನೆಯ ದಿನ ಅಜ್ಜನೇ ಕರೆದರು.

"ಪದ್ದಿ, ಆ ಡಬ್ಬಿ ತಾ."

"ಸೆಲ್ ಇಲ್ಲ ಅಜ್ಜಾ."

ಅವರು ಪೋಥಿಯ ಪೆಟ್ಟಿಗೆ ತೆರೆದು ಎರಡು ಹೊಸ ಸೆಲ್ ತೆಗೆದು ನನ್ನ ಮುಂದಿಟ್ಟರು. ಶಿವಕ್ಕನ ಅಂಗಡಿಗೆ ತಾವೇ ಹೋಗಿ ತಂದಿದ್ದರು. ಆ ಮನುಷ್ಯ ರಸ್ತೆ ದಾಟಿ ಕಿರಾಣಿ ಅಂಗಡಿಯ ಮುಂದೆ ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ. ಹಾಕಿದೆ. 

"ಅದನ್ನ ಹಚ್ಚು. ನಿಂದರಸೂದು."

ಹಚ್ಚಿದೆ. ಹಿಡಿದರು. ನಾಲ್ಕು ಸೆಕೆಂಡು ಕಳೆಯಿತು. ನಾನು ಪರದೆ ನೋಡದೆ ನೆಲ ನೋಡುತ್ತಿದ್ದೆ.

"ಇದು ಸೋತಾಗ ಕೈಯಾಗ ಗುರ್ ಅಂತದ, ಪದ್ದಿ. ಮೊದಲನೇ ದಿವಸದಿಂದ ಅಂತದ."

ಕಣ್ಣೀರು ದಳದಳ ಇಳಿಯಿತು. ತಡೆಯಲು ಆಗಲಿಲ್ಲ. "ಗೊತ್ತಿತ್ತು? ಮತ್ತ ಯಾಕ ಸುಮ್ಮನಿದ್ರಿ?"

"ಸುಳ್ಳು ಅಂದಿದ್ರ ಮರುದಿವಸ ನೀ ಬರ್ತಿದ್ದಿಲ್ಲ. ನನಗ ಆ ಒಂದು ತಾಸು ಬೇಕಾಗಿತ್ತು. ನಿನಗ ಬೇಕಾದಂಗ ನನಗೂ ಬೇಕಾಗಿತ್ತು."

"ಮತ್ತ ಭಟ್ಟರನ್ನ ಯಾಕ ಬ್ಯಾಡ ಅಂದ್ರಿ?"

"ಅವ ನನ್ನ ತಮ್ಮ. ಉಪಾಸ ಮಾಡಿ ಬಂದು ನನ್ನ ಮುಂದ ಕೈ ಒಡ್ಡಾಂವ. ಅವಗ ಜ್ವರದ ನೆವಾ ಹೇಳ್ಲ್ಯಾ?" ಅಜ್ಜ ಧೋತರದ ಚುಂಗಿನಿಂದ ನನ್ನ ಮುಖ ಒರೆಸಿದರು, ನಡುಗುವ ಕೈಯಿಂದಲೇ. "ನೀ ಹೇಳಿದ್ದಕ್ಕ ಸಂಪುಟ ಹೋಗಲಿಲ್ಲ. ಕೈ ನಡುಗಿದ್ದಕ್ಕ ಹೋತು. ಆದರ ನಿಮ್ಮಪ್ಪನ ಮುಂದ ಏಳು ಅಂದ್ಯಲ್ಲ, ಅದು ನಿಂದು. ಅದನ್ನ ನೀನ ಇಟಗೋಬೇಕು."

ಇಟ್ಟುಕೊಂಡಿದ್ದೇನೆ. ಅಜ್ಜ ಡಬ್ಬಿಯನ್ನು ಮತ್ತೆ ಹಿಡಿದು, ಬೆನ್ನು ನೆಟ್ಟಗೆ ಮಾಡಿದರು. ಚಮಚದ ಮೇಲಿನದು ಅಲುಗಿತು, ಜಾರಿತು, ಬಿತ್ತು.

"ಈಗ ಹೇಳು," ಅಂದರು. "ತತ್ತಿ ಉಳೀತೋ, ಒಡೀತೋ?"

ಆ ಮನೆಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಒಳಗೆ ಅಜ್ಜಿ ಎಚ್ಚರಿದ್ದಳೋ ಏನೋ, ಬಳೆಯ ಸದ್ದಾಯಿತು. ಅಜ್ಜ ಕದಲಲಿಲ್ಲ, ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಒಡೀತು ಅಜ್ಜಾ."

"ಹಾಂ," ಅಂದರು. "ಇನ್ನೊಮ್ಮೆ ಹಚ್ಚು."